ಹತ್ತಿ... ಹತ್ತಿ...

ಬಾಲಿ ದ್ವೀಪದ ಒಂದು ಪುಟ್ಟ ಊರು. ಬೈಕ್ ಬಾಡಿಗೆಗೆ ಕೊಡುವ ಅಂಗಡಿಯ ಮುಂದೆ ಚಿತ್ರದುರ್ಗದ ವನಮಾಲಾ ನಿಂತಿದ್ದಳು.

ಕೈಯಲ್ಲಿ ಹೆಲ್ಮೆಟ್... ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಮದುವೆಗೆ ಮುಂಚೆ ಅಮ್ಮನ ಜೊತೆ ಒಂದು ಪ್ರವಾಸ ಮಾಡಲೇಬೇಕು ಅಂತ ಮಗಳು ಮೇದಿನಿ ಹಟ ಹಿಡಿದು ಕರೆತಂದಿದ್ದಳು. ಹೊರಡುವಾಗ ಅಮ್ಮನ ಹಳೇ ಲೈಸೆನ್ಸ್ ರಿನ್ಯೂ ಮಾಡಿಸಿ, ಹೊರದೇಶದ ಪರ್ಮಿಟ್ಟನ್ನೂ ಮಾಡಿಸಿದ್ದಳು. ಯಾಕೆ ಅಂತ ಈಗ ಗೊತ್ತಾಯಿತು.

"ನೀನು ಓಡಿಸು ಅಮ್ಮ... ನಾನು ಹಿಂದೆ ಕೂರ್ತೀನಿ."

ಮೇದಿನಿ ಒಂದನೇ ಕ್ಲಾಸಿನಲ್ಲಿದ್ದಾಗ, ಸ್ಕೂಲಿಗೆ ಬಿಡಲು ಹೋಗುವ ದಾರಿಯಲ್ಲಿ ಮರಳಿನ ಮೇಲೆ ವನಮಾಲಾಳ ಗಾಡಿ ಜಾರಿತ್ತು. ಮಗುವಿನ ಕೈ ಮುರಿದಿತ್ತು.

ಯಾರೂ ಬೈಯಲಿಲ್ಲ. ಅತ್ತೆ ಮಾತ್ರ, "ಜೋಪಾನ ಕಣಮ್ಮ" ಅಂದಿದ್ದರು. ಅಷ್ಟೇ.

ಮಾರನೇ ದಿನವೇ ವನಮಾಲಾ ಗಾಡಿ ಮಾರಿಸಿದಳು. ಅಂದಿನಿಂದ ಗಂಡನ ಹಿಂದಿನ ಸೀಟೇ ಗತಿ... ಮಗಳಿಗೂ ಗಾಡಿ ಕಲಿಯಲು ಬಿಡಲಿಲ್ಲ.

"ಬಸ್ಸು ಬರಲ್ವೇನೇ ಇಲ್ಲಿ?"

"ಬರುತ್ತೆ, ಕಾಯ್ತಿರು... ದಾವಣಗೆರೆ ಬಸ್ಸು."

ವನಮಾಲಾ ನಗಲಿಲ್ಲ. ಹೆಲ್ಮೆಟ್ಟನ್ನು ಮಗಳತ್ತ ಚಾಚಿದಳು. ಮೇದಿನಿ ಆ ಕೈಯನ್ನೇ ಹಿಡಿದುಕೊಂಡಳು.

"ನನ್ನ ಕೈ ಯಾವತ್ತೋ ಕೂಡಿಕೊಳ್ತು ಅಮ್ಮ... ನಿನ್ನ ಕೈ ಇನ್ನೂ ಕೂಡಿಲ್ಲ."

ಅಷ್ಟರಲ್ಲಿ ಅಂಗಡಿಯ ಅಜ್ಜಿ ಹೊರಗೆ ಬಂದಳು. ನಮ್ಮ ಆಯುಧಪೂಜೆಯಲ್ಲಿ ಮಾಡುವ ಹಾಗೆ ಗಾಡಿಯ ಮುಂದೆ ಒಂದಿಷ್ಟು ಹೂವಿಟ್ಟಳು. ಕೀಲಿಕೈ ಕೊಟ್ಟು, ಸೀಟು ತಟ್ಟಿ ಅಂದಳು...

"ಹತ್ತಿ... ಹತ್ತಿ..."

ವನಮಾಲಾ ಬೆಚ್ಚಿಬಿದ್ದಳು. ಈ ದೂರದ ದೇಶದಲ್ಲಿ ಕನ್ನಡ...? ದೇವರೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು. ಹತ್ತಿದಳು.

ಎರಡೂ ಕಡೆ ಗದ್ದೆ... ಹಿಂದಿನಿಂದ ಲಾರಿಯ ಹಾರನ್... ಒಂದು ತಿರುವಿನಲ್ಲಿ ನೋಡಿದರೆ ರಸ್ತೆ ತುಂಬ ಮರಳು.

ಅದೇ ಮರಳು...

ವೇಗ ತಗ್ಗಿಸಿ, ಎರಡೂ ಕಾಲು ನೆಲಕ್ಕೆ ತಾಗಿಸಿ, ಇರುವೆ ಹರಿದ ಹಾಗೆ ಗಾಡಿಯನ್ನು ದಾಟಿಸಿದಳು. ಅಂದು ಮುರಿದಿದ್ದ ಪುಟ್ಟ ಕೈ ಇಂದು ಅವಳ ಸೊಂಟವನ್ನು ಬಳಸಿತ್ತು... ಬಿಗಿಯಾಗಿ ಅಲ್ಲ, ಸುಮ್ಮನೆ.

ಸಂಜೆ ಕೀಲಿಕೈ ಹಿಂದಿರುಗಿಸುವಾಗ ವನಮಾಲಾ ಅಜ್ಜಿಗೆ ಕೈಮುಗಿದಳು. ನಿಮಗೆ ಕನ್ನಡ ಹೇಗೆ ಬರುತ್ತೆ ಅಂತ ಮಗಳ ಬಾಯಲ್ಲಿ ಇಂಗ್ಲಿಷಿನಲ್ಲಿ ಕೇಳಿಸಿದಳು.

ಅಜ್ಜಿ ಕಣ್ಣು ಕಣ್ಣು ಬಿಟ್ಟಳು. ಅವಳ ಸೊಸೆ ನಗುತ್ತ ಬಿಡಿಸಿ ಹೇಳಿದಳು... ಅದು ಕನ್ನಡವಲ್ಲ. 'ಹತಿ-ಹತಿ' ಅಂದರೆ ಅವರ ಭಾಷೆಯಲ್ಲಿ 'ಜೋಪಾನ' ಅಂತ.

ಮೇದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವನಮಾಲಾಳೂ ನಕ್ಕಳು... ನಗುತ್ತಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

"ಅತ್ತೆಯೂ ಅವತ್ತು ಇದೇ ಮಾತು ಹೇಳಿದ್ದು ಕಣೇ... ನನಗೆ 'ಹತ್ತಬೇಡ' ಅಂತ ಕೇಳಿಸಿಬಿಟ್ಟಿತ್ತು."

ಮಗಳು ಪಕ್ಕದಲ್ಲಿ ಕೂತು ಅಮ್ಮನ ಭುಜಕ್ಕೆ ತಲೆ ಆನಿಸಿದಳು. ವನಮಾಲಾ ಕಣ್ಣೊರೆಸಿಕೊಂಡಳು.

"ಊರಿಗೆ ಹೋದ ಮೇಲೆ ನಿನಗೆ ಗಾಡಿ ಕಲಿಸ್ತೀನಿ... ನೀನು ಮುಂದೆ ಕೂತ್ಕೋ. ನಾನು ಹಿಂದೆ ಇರ್ತೀನಿ."

ಜೋಪಾನ ಅಂದರೆ ಹತ್ತಬೇಡ ಅಂತಲ್ಲ... ಜೋಪಾನವಾಗಿ ಹತ್ತು ಅಂತ.

ನಿಮ್ಮವರು ಪ್ರೀತಿಯಿಂದ ಆಡಿದ ಯಾವ ಮಾತನ್ನು ನೀವು 'ಬೇಡ' ಅಂತ ಕೇಳಿಸಿಕೊಂಡು, ಇಂದಿಗೂ ಹಿಂದಿನ ಸೀಟಿನಲ್ಲೇ ಕೂತಿದ್ದೀರಿ?