ತನ್ನದೇ ಹಾಡಿನ ಪಾಠ

"ನನ್ನ ಹಾಡನ್ನ ನನಗೇ ಕಲಿಸಿಕೊಡ್ಬೇಕಮ್ಮ."

ಗಾಯಕರು ಬೈಂಡಿಂಗ್ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟರು. ಮಾತು ಹೇಗೆ ಶುರು ಮಾಡುವುದೆಂದು ಮನೆಯಿಂದ ಇಲ್ಲಿಯವರೆಗೆ ಲೆಕ್ಕ ಹಾಕುತ್ತಲೇ ಬಂದವರು, ಕೊನೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದ್ದರು. ಒಳಗೆ ಪುಸ್ತಕ ಹೊಲಿಯುತ್ತಿದ್ದ ಬೈಂಡರಮ್ಮ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರವನ್ನು ಬಿಡುವುದನ್ನೂ ಮರೆತು ನೋಡಿದಳು. "ಒಳಗೆ ನಡೀರಿ, ದಾರಿಗೆ ಅಡ್ಡ ನಿಂತ್ಕೊಂಡು ಭಾಷಣ ಬೇರೆ," ಎಂದು ಗಾಯಕರ ಹೆಂಡತಿ ಹಿಂದಿನಿಂದ ತಿವಿದರು.

'ಇನ್ನೊಂದು ಗಳಿಗೆ ಕೂತು ಹೋಗು' ಎಂಬ ಆ ಹಾಡನ್ನು ನಲವತ್ತೈದು ವರ್ಷಗಳ ಹಿಂದೆ ಬರೆದು, ರಾಗ ಹಾಕಿ, ಹಾಡಿ ರೆಕಾರ್ಡು ಮಾಡಿದವರು ಇದೇ ಗಾಯಕರು. ಒಂದಷ್ಟು ದಿನ ಓಡಿ, ಆಮೇಲೆ ಅದು ಮೂಲೆ ಸೇರಿತ್ತು. ಹೋದ ವರ್ಷ ಬೈಂಡರಮ್ಮ ಕೆಲಸ ಮಾಡುತ್ತಾ ಅದನ್ನು ಹಾಡಿಕೊಳ್ಳುತ್ತಿದ್ದಾಗ ಗಿರಾಕಿಯೊಬ್ಬ ಫೋನಿನಲ್ಲಿ ಹಿಡಿದ. ಚಿತ್ರದಲ್ಲಿ ಕಂಡದ್ದು ಎರಡು ಕೈ, ಒಂದು ಸೂಜಿ, ಅಷ್ಟೇ. ಆದರೆ ದನಿ ಮಾತ್ರ ಊರೂರು ಸುತ್ತಿತು. ಈಗ ಬಸ್ಸಿನಲ್ಲಿ, ಸಲೂನಿನಲ್ಲಿ, ಲಿಫ್ಟಿನಲ್ಲಿ ಎಲ್ಲೆಲ್ಲೂ ಅದೇ. ಕಳೆದ ತಿಂಗಳು ಒಂದು ಸಮಾರಂಭದಲ್ಲಿ ಗಾಯಕರು ತಮ್ಮ ಹಾಡನ್ನು ತಮ್ಮ ಧಾಟಿಯಲ್ಲಿ ಹಾಡಿದರೆ, ಮುಂದಿನ ಸಾಲಿನ ಮಗುವೊಂದು ಎದ್ದು ನಿಂತು, "ಅಂಕಲ್, ತಪ್ಪು ಹಾಡ್ತಿದ್ದೀರಾ!" ಎಂದಿತ್ತು. ಸಭೆ ಗೊಳ್ಳೆಂದು ನಕ್ಕಿತ್ತು. ಬರುವ ಶನಿವಾರ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಮತ್ತೆ ಅದೇ ಹಾಡು. ಇನ್ನೊಂದು ಸಲ ಜನ ನಕ್ಕರೆ ಮೈಕು ಮುಟ್ಟುವುದಿಲ್ಲ ಎಂದು ಅವರು ಗಟ್ಟಿ ಮನಸ್ಸು ಮಾಡಿಬಿಟ್ಟಿದ್ದರು.

"ಕೇಳದೆ ಹಾಡಿದ್ದು ನಂದೇ ತಪ್ಪು ಸರ್. ಜಗಳಕ್ಕೆ ಬಂದ್ರಿ ಅಂದ್ಕೊಂಡೆ," ಎಂದಳು ಬೈಂಡರಮ್ಮ, ಕುರ್ಚಿ ಒರೆಸುತ್ತಾ.

"ಆರು ತಿಂಗಳು ಮನೇಲಿ ಜಗಳವೇ ಆಯ್ತಮ್ಮ," ಎಂದರು ಹೆಂಡತಿ. "ನಿನ್ನ ದನಿ ಬಂದ್ರೆ ಸಾಕು, ರೇಡಿಯೋ ಕಿವಿ ಹಿಂಡಿ ಆಫ್ ಮಾಡೋರು. ಆಮೇಲೆ ನೋಡಿದ್ರೆ ಬಚ್ಚಲು ಬಾಗಿಲು ಹಾಕ್ಕೊಂಡು ಥೇಟ್ ನಿನ್ನ ಹಾಗೇ ಹಾಡೋಕೆ ಒದ್ದಾಡ್ತಿದ್ದಾರೆ! ಅದಕ್ಕೇ ನಿನ್ನ ಅಂಗಡಿ ಪತ್ತೆ ಮಾಡಿ ಎಳ್ಕೊಂಡು ಬಂದೆ."

ಬೈಂಡರಮ್ಮನಿಗೆ ಧೈರ್ಯ ಬಂತು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಇನ್ನೊಂದು ಗಳಿಗೆ ಕೂತು ಹೋಗು ಅಂತ ಬೇಡ್ಕೊಳ್ಳೋ ಹಾಡು ಇದು. ನಿಮ್ಮ ರೆಕಾರ್ಡು ಕೇಳಿದ್ರೆ, ನೀವೇ ಬಸ್ಸಿಗೆ ಓಡ್ತಿರೋ ಹಾಗಿದೆ ಸರ್!"

"ಓಡದೆ ಏನ್ಮಾಡ್ಲಿ?" ಗಾಯಕರು ಕುರ್ಚಿಯಿಂದ ಅರ್ಧ ಎದ್ದರು. "ರೆಕಾರ್ಡಿನ ಒಂದು ಬದಿಗೆ ಮೂರೇ ನಿಮಿಷ ಅಂತ ಸ್ಟುಡಿಯೋದ ಆ ಪುಣ್ಯಾತ್ಮ ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದ. ಬೇಗ, ಬೇಗ ಅಂತ ಕೈ ತಿರುಗಿಸ್ತಿದ್ದ. ಆಮೇಲೆ ಎಲ್ಲಿ ಹೋದ್ರೂ ರೆಕಾರ್ಡಲ್ಲಿರೋ ಹಾಗೇ ಹಾಡಿ ಅಂದ್ರು. ಓಡಿದೆ, ಓಡಿದೆ, ನಿಲ್ಲೋದೇ ಮರೆತುಹೋಯ್ತು."

ಬೈಂಡರಮ್ಮ ಬೆನ್ನು ಮುರಿದ ಹಳೆಯ ನಿಘಂಟೊಂದನ್ನು ತಂದು ಅವರ ಮುಂದಿಟ್ಟು, ಸೂಜಿಗೆ ದಾರ ಪೋಣಿಸಿಕೊಟ್ಟಳು. "ನಂದೇನೂ ದೊಡ್ಡಸ್ತಿಕೆ ಇಲ್ಲ ಸರ್. ಒಂದು ಸಾಲು ಹಾಡ್ಕೊಂಡು ಸೂಜಿ ಹಾಕ್ತೀನಿ. ದಾರ ಪೂರ್ತಿ ಎಳೆದು ಬಿಗಿ ಮಾಡೋವರೆಗೂ ಉಸಿರು ಬಿಗಿ ಹಿಡೀಬೇಕು, ಇಲ್ಲಾಂದ್ರೆ ಹಾಳೆ ಹರಿಯುತ್ತೆ. ಆಮೇಲೆ ಮುಂದಿನ ಸಾಲು. ಹೊಟ್ಟೆಪಾಡಿನ ನಿಲುಗಡೆ ಅದು. ಜನ ಅದನ್ನೇ ಭಾವ, ಭಾವ ಅಂತಾರೆ."

ಮೊದಲ ಮಧ್ಯಾಹ್ನ ಗಾಯಕರು ನಾಲ್ಕು ಹಾಳೆ ಹರಿದರು. ದಾರ ಅರ್ಧ ದಾರಿಯಲ್ಲಿರುವಾಗಲೇ ಎರಡನೆಯ ಸಾಲು ಬಾಯಿಂದ ಹಾರುತ್ತಿತ್ತು. "ಅವಸರ, ಅವಸರ!" ಎಂದು ಹೆಂಡತಿ ಮತ್ತು ಬೈಂಡರಮ್ಮ ಒಟ್ಟಿಗೇ ಕೂಗುತ್ತಿದ್ದರು. ಎರಡನೆಯ ದಿನ ಒಂದೇ ಹಾಳೆ. ಮೂರನೆಯ ದಿನ ಒಂದೂ ಹರಿಯಲಿಲ್ಲ. ಸಾಲು ಮುಗಿಯುತ್ತಿತ್ತು, ಸೂಜಿ ಇಳಿಯುತ್ತಿತ್ತು, ದಾರ ಸರ್ರನೆ ಉದ್ದಕ್ಕೆ ಬರುತ್ತಿತ್ತು, ಅಷ್ಟು ಹೊತ್ತೂ ಹಾಡು ಕಾಯುತ್ತಿತ್ತು. ಕಿಟಕಿಯ ಬಳಿ ರಟ್ಟಿಗೆ ಅಂಟು ಸವರುತ್ತಿದ್ದ ಹೆಂಡತಿ ಕೈ ನಿಲ್ಲಿಸಿದರು. "ಮದುವೆಯಾದ ಹೊಸದರಲ್ಲಿ ಹೀಗೇ ಹಾಡ್ತಿದ್ರಿ ಕಣ್ರೀ," ಎಂದರು. ಗಾಯಕರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶನಿವಾರ ಗ್ರಂಥಾಲಯದ ಸಭಾಂಗಣದಲ್ಲಿ ಅವರ ಕೈಯಲ್ಲಿ ಸೂಜಿ ಇರಲಿಲ್ಲ. ಆದರೂ ಪ್ರತಿ ಸಾಲಿನ ಕೊನೆಗೆ ಹೆಬ್ಬೆರಳು ತೋರುಬೆರಳು ಜೋಡಿಸಿ, ಇಲ್ಲದ ದಾರವನ್ನು ಎದೆಯವರೆಗೆ ಎಳೆದರು. ಯಾರೂ ನಗಲಿಲ್ಲ, ಕೆಮ್ಮಲೂ ಇಲ್ಲ. ಹಾಡು ಮುಗಿದ ಮೇಲೂ ಜನ ಇನ್ನೊಂದು ಸಾಲಿದೆಯೇನೋ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಚಪ್ಪಾಳೆ ತಟ್ಟಿದರು.

ಹೊರಗೆ ವರಾಂಡದಲ್ಲಿ ಗಾಯಕರು, ಅವರ ಹೆಂಡತಿ, ಬೈಂಡರಮ್ಮ ಮೂವರೂ ನಿಂತಿದ್ದಾಗ ಒಬ್ಬ ಧಡೂತಿ ಮನುಷ್ಯ ಜನರನ್ನು ಸರಿಸಿಕೊಂಡು ಬಂದು ಗಾಯಕರ ಎರಡೂ ಕೈ ಹಿಡಿದ.

"ಮುಖಸ್ತುತಿ ಮಾಡ್ತಿಲ್ಲ ಯಜಮಾನ್ರೇ. ಫೋನಲ್ಲಿ ಬರುತ್ತಲ್ಲ ಆ ಹೆಂಗಸಿನ ಒರಿಜಿನಲ್ಲು, ಅದಕ್ಕಿಂತ ನಿಮ್ದು ಒಂದು ಕೈ ಮೇಲು!"

"ರೀ ಸ್ವಾಮಿ, ಒರಿಜಿನಲ್ ಅಂದ್ರೆ ಏನಂತ..." ಎಂದು ಹೆಂಡತಿ ಸೆರಗು ಬಿಗಿದು ಮುಂದೆ ಬಂದರು. ಗಾಯಕರು ಮೆಲ್ಲನೆ ಅವರ ಮೊಣಕೈ ಹಿಡಿದು ತಡೆದರು. ಗಾಯಕರ ಮುಖವೆಲ್ಲ ನಗುವಾಗಿತ್ತು.

"ಸ್ವಲ್ಪ ಮೆತ್ತಗೆ ಮಾತಾಡಿ," ಎಂದರು, ಬೈಂಡರಮ್ಮನ ಕಡೆ ಕೈ ತೋರಿಸಿ. "ಒರಿಜಿನಲ್ಲು ಇಲ್ಲೇ ನಿಂತಿದ್ದಾರೆ."