ಪರೀಕ್ಷೆಗೆ ಬರದ ಪದ್ಯ

"ಈ ಪದ್ಯ ಬೇಡ ಸರ್, ಬಿಟ್ಟುಬಿಡೋಣ," ಎಂದಳು ಮುಂದಿನ ಬೆಂಚಿನ ಲೀಡರಮ್ಮ. ಮೇಷ್ಟ್ರು ಇನ್ನೂ ಪುಟವನ್ನೇ ತೆರೆದಿರಲಿಲ್ಲ.

ಹೆಂಡತಿ ತೀರಿಕೊಂಡು ಮೂರು ವಾರವಾದ ಮೇಲೆ ಅವರು ಕಾಲೇಜಿಗೆ ಬಂದದ್ದು ಅಂದೇ. ರಜೆ ಇನ್ನೂ ಇತ್ತು. ಆದರೆ ಮನೆಗೆ ಬಂದವರೆಲ್ಲ ಕೈ ಹಿಡಿದುಕೊಂಡು "ಸಮಾಧಾನ ಮಾಡ್ಕೊಳ್ಳಿ" ಎನ್ನುವವರೇ. ಹಾಗೆ ಹೇಳಿ ತಾವೇ ಅಳುವವರನ್ನು ಸಮಾಧಾನ ಮಾಡಿ ಕಳಿಸುವುದರಲ್ಲಿ ಮೇಷ್ಟ್ರು ಸುಸ್ತಾಗಿ ಹೋಗಿದ್ದರು. ಅದಕ್ಕಿಂತ ಕಾಲೇಜೇ ವಾಸಿ. ಇಂಗ್ಲಿಷ್ ಸಾಹಿತ್ಯವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡ ಮಹಾನುಭಾವರು ಎರಡು ಬೆಂಚು ತುಂಬುವಷ್ಟೇ ಜನ. ಕೇಳಿದರೆ ಪಾಠ ಕೇಳುತ್ತಾರೆ, ಇಲ್ಲದಿದ್ದರೆ ಆಕಳಿಸುತ್ತಾರೆ. ಒಂದು ಗಂಟೆ ಬರೀ ಮೇಷ್ಟ್ರಾಗಿ ನಿಂತರೆ ಸಾಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಪಾಠ ನಿಂತ ಕಡೆಯಿಂದಲೇ ಶುರು ಮಾಡಬೇಕಲ್ಲ. ಮುಂದಿನದು ಶೋಕಗೀತೆ, ಹೆಂಡತಿಯನ್ನು ಮಣ್ಣು ಮಾಡಿ ಬಂದ ಕವಿಯೊಬ್ಬ ಬರೆದದ್ದು. ಬೇಕಂತಲೇ ಆರಿಸಿದ್ದಲ್ಲ, ಪಠ್ಯದಲ್ಲಿ ಅದೇ ಇತ್ತು. ಪ್ರತಿ ವರ್ಷ ಪುಸ್ತಕವನ್ನೂ ನೋಡದೆ ಹೇಳುತ್ತಿದ್ದ ಪದ್ಯ. ಈ ವರ್ಷವೂ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದರು.

"ಯಾಕೆ ಬೇಡ?"

"ಪರೀಕ್ಷೆಗೆ ಬರಲ್ಲವಂತೆ ಸರ್."

"ಹೌದು ಸರ್, ನಾಟಕ ಇನ್ನೂ ಅರ್ಧ ಉಳಿದಿದೆ. ಅದನ್ನ ಮುಗಿಸಿಬಿಡಿ," ಎಂದ ಹಿಂದಿನ ಬೆಂಚಿನ ದಡಿಯ. ನಾಟಕದ ಹೆಸರು ಕೇಳಿದರೂ ಹೇಳಲಾರದ ಆಸಾಮಿ!

ಮೇಷ್ಟ್ರ ಪಿತ್ತ ನೆತ್ತಿಗೇರಿತು. ಮೂರು ವಾರದ ದಣಿವೆಲ್ಲ ಸಿಟ್ಟಾಗಿ ಹೊರಬಂತು.

"ಪರೀಕ್ಷೆ, ಪರೀಕ್ಷೆ! ಅದು ಬಿಟ್ರೆ ಬೇರೆ ಏನಾದ್ರೂ ಇದೆಯೇನ್ರೋ ನಿಮ್ಮ ತಲೇಲಿ? ಒಬ್ಬ ಮನುಷ್ಯ ತನ್ನ ಎದೆ ಬಗೆದು ಇಟ್ಟಿದ್ದಾನೆ ಇಲ್ಲಿ. ನಿಮಗೆ ಅದು ಪರೀಕ್ಷೆಗೆ ಬರುತ್ತೋ ಇಲ್ವೋ ಅನ್ನೋದೇ ಚಿಂತೆ! ಇಷ್ಟು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದೆನಲ್ಲ, ನನಗೆ ಬುದ್ಧಿ ಇಲ್ಲ!"

ಮೇಷ್ಟ್ರಿಗೆ ನಿಜಕ್ಕೂ ನೋವಾಗಿತ್ತು. ಅವಳೂ ಹೋದಳು, ಇವರಿಗೆ ನಾನು ಕಲಿಸಿದ್ದೂ ನೀರಿನಲ್ಲಿ ಹೋಮ ಎನಿಸಿ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅದೂ ಹಸಿ ಸುಳ್ಳು," ಎಂದರು, ಈಗ ದನಿ ಇಳಿದಿತ್ತು. "ಬರಲ್ಲ ಅಂತ ಯಾವ ಪುಣ್ಯಾತ್ಮ ಹೇಳಿದ್ದು? ಪ್ರಶ್ನೆಪತ್ರಿಕೆ ಮಾದರಿ ನೋಡಿದೀರಾ? ಈ ಪದ್ಯಕ್ಕೆ ಹತ್ತು ಅಂಕ, ಕಡ್ಡಾಯ. ಯಾವ ಗೈಡಲ್ಲೂ ಇದರ ಅರ್ಥ ಸಿಗಲ್ಲ. ನಾನು ಹೇಳದೆ ಏನಂತ ಬರೀತೀರಿ? ಹತ್ತಕ್ಕೆ ಹತ್ತೂ ಹೋಗುತ್ತೆ!"

"ಗೊತ್ತು ಸರ್," ಎಂದಳು ಲೀಡರಮ್ಮ.

"ಗೊತ್ತಾ?"

"ಎಲ್ಲರಿಗೂ ಗೊತ್ತು." ಅವಳು ಡೆಸ್ಕನ್ನೇ ನೋಡುತ್ತಿದ್ದಳು. "ನೀವು ಇವತ್ತು ಬರ್ತೀರಿ ಅಂತ ಗೊತ್ತಾದಾಗಲೇ ಮಾತಾಡ್ಕೊಂಡ್ವಿ ಸರ್. ಹತ್ತು ಅಂಕ ಹೋದ್ರೆ ಹೋಗಲಿ ಅಂತ."

ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ನೋಡಿದರು. ಒಬ್ಬರಾದರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಂಥ ಮಾತು ಆಡಿಬಿಟ್ಟೆ ಎಂದು ನಾಚಿಕೆಯಾಯಿತು. ಪುಸ್ತಕವನ್ನು ಲೀಡರಮ್ಮನ ಮುಂದಿಟ್ಟರು.

"ಹತ್ತು ಅಂಕ ಯಾಕೆ ಕಳ್ಕೋತೀರಿ? ನೀನೇ ಓದಮ್ಮ. ನಿಧಾನಕ್ಕೆ ಓದು. ನಾನು ಕೇಳ್ತೀನಿ."

ಹಿಂದಿನ ಬೆಂಚಿಗೆ ಹೋಗಿ ದಡಿಯನ ಪಕ್ಕ ಕುಳಿತರು. ಅವನು ಗಡಬಡಿಸಿ ಗೋಡೆಯ ಕಡೆಗೆ ಸರಿದುಕೊಂಡ. ಲೀಡರಮ್ಮ ತಡವರಿಸುತ್ತ ಓದತೊಡಗಿದಳು. ಎರಡನೇ ಸಾಲು ಮುಗಿಯುವಷ್ಟರಲ್ಲಿ ಮೇಷ್ಟ್ರು ಕಣ್ಣೊರೆಸಿಕೊಳ್ಳುವುದನ್ನು ಕಂಡ ದಡಿಯ, ಬೆಂಚು ದಾಟಿ ಹೋಗಿ, ಸದ್ದಾಗದಂತೆ ತರಗತಿಯ ಬಾಗಿಲು ಹಾಕಿದ.