ಚಾಪೆ ಎತ್ತಿದ ಕೊಕ್ಕು

ಚರ್ಚಿನ ಅಂಗಳದ ಬೊಂಬೆಯಾಟ ಅಲ್ಲಿಗೇ ನಿಂತಿತು. ಬೇಟೆಗಾರನ ಬೊಂಬೆ ತಲೆಯ ಮೇಲೆ ಚಾಪೆ ಹೊದ್ದು ಮನುಮೇಯಾ ಎಂಬ ಅಪರೂಪದ, ಹಲ್ಲುಕೊಕ್ಕಿನ ಕಾಡುಪಾರಿವಾಳದ ಬೊಂಬೆಯ ಮುಂದೆ ಕೂತಿತ್ತು. ನೊಂದವರು ಬಂದು ಆ ಚಾಪೆ ಎತ್ತಿದರೆ ತಪ್ಪನ್ನು ಕ್ಷಮಿಸಿದಂತೆ. ಸಮೋವಾದಲ್ಲಿ ಅದು ಮಕ್ಕಳಿಗೂ ಗೊತ್ತು. ಆದರೆ ಪರದೆಯ ಹಿಂದಿನಿಂದ ಮುದುಕಿ ಪೆನಿನಾ ಆಡಿಸುತ್ತಿದ್ದ ಹಕ್ಕಿಯ ಬಟ್ಟೆ ರೆಕ್ಕೆ ಚಾಪೆಯ ಮೇಲಿಂದ ಜಾರಿ ಜಾರಿ ಬೀಳುತ್ತಿತ್ತು.

"ಹಕ್ಕಿಗೆ ಕೈಯೆಲ್ಲಿದೆ ಅಜ್ಜಿ?" ಎಂದು ಒಂದು ಮಗು ಕೇಳಿತು.

"ಬೇಗ ಕ್ಷಮಿಸಿಬಿಡಮ್ಮ, ಕಲ್ಲೊಲೇಲಿ ದೀವಿಹಲಸು ಸೀದುಹೋಗ್ತಿದೆ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಪರದೆಯ ಹಿಂದೆ ಬೇಟೆಗಾರನನ್ನು ಆಡಿಸುತ್ತಿದ್ದ ಲೆಮಾಲು ಮಾತ್ರ ನಗಲಿಲ್ಲ. ಪೆನಿನಾಳ ಗಂಡ ಸಾಯುವವರೆಗೂ ಕಾಪಾಡಿಕೊಂಡು ಬಂದಿದ್ದ ಮನುಮೇಯಾವನ್ನು ಹಿಂದೊಮ್ಮೆ ಕಾಡಿನಲ್ಲಿ ಸಾಮಾನ್ಯ ಪಾರಿವಾಳವೆಂದು ತಿಳಿದು ಹೊಡೆದು ಕೊಂದವನು ಅವನೇ. ಅಂದಿನಿಂದ ಅವನು ಅವಳ ಮುಖ ನೋಡಿ ಮಾತಾಡಿರಲಿಲ್ಲ.

ಪೆನಿನಾ ಒಂದು ಕ್ಷಣ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಆಮೇಲೆ ಹಕ್ಕಿಯ ಕೊಕ್ಕನ್ನು ಬಗ್ಗಿಸಿದಳು. ವಾರವಿಡೀ ಅಭ್ಯಾಸದಲ್ಲಿ ಅವಳ ತೋಳಿನ ಬಟ್ಟೆಗೆ ಸಿಕ್ಕಿಕೊಂಡು ಬೈಸಿಕೊಂಡಿದ್ದ ಅದರ ಗರಗಸದಂಥ ಹಲ್ಲು ಈಗ ಚಾಪೆಯ ಹೆಣಿಗೆಗೆ ಸಿಕ್ಕಿತು. ಚಾಪೆ ಮೆಲ್ಲಗೆ ಮೇಲೆದ್ದಿತು.

"ಏಳು ಲೆಮಾಲು," ಎಂದಿತು ಹಕ್ಕಿ. ಕಥೆಯಲ್ಲಿ ಬೇಟೆಗಾರನ ಹೆಸರು ಬೇರೆ ಇತ್ತು.

ಬೊಂಬೆ ಎದ್ದಿತು. ಅದರ ಹಿಂದೆಯೇ, ಪರದೆಯ ಅಂಚಿನ ಮೇಲೆ, ಲೆಮಾಲುವಿನ ನರೆತ ತಲೆಯೂ ಎದ್ದು ಬಂತು.